ಬಯಕೆಯ ಬರ್ಗರ್

ಹೆದರುವುದರಲ್ಲಿ ನಮ್ಮ ಮನೆತನದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಹಲ್ಲಿ ಲೊಚಗುಟ್ಟಿದರೆ ಹೆದರುತ್ತೇನೆ, ಸುಮ್ಮನಾದರೆ ಎಲ್ಲಿ ಬಿತ್ತೋ ಎಂದು ಹೆದರುತ್ತೇನೆ. ಮದುವೆಯಾಗಿ ಕಲಬುರಗಿಯ ಬ್ರಹ್ಮಪುರದ ಬಾಡಿಗೆ ಮನೆಗೆ ಬಂದ ಹೊಸದರಲ್ಲಿ, ಮನೆಯವರು ಕಚೇರಿಗೆ ಹೋದ ಮೇಲೆ ಬಾಗಿಲಿಗೆ ಅಗಳಿ ಹಾಕಿ, ಹಾಕಿದ್ದೇನೋ ಇಲ್ಲವೋ ಎಂದು ಮತ್ತೆ ಮತ್ತೆ ಎದ್ದು ನೋಡುತ್ತಿದ್ದೆ. ಅವರಿಗೆ ಇದೆಲ್ಲ ನಗೆಯ ವಿಷಯ. ನಗುವವರಿಗೇನು, ನಗುತ್ತಾರೆ. ಆದರೆ ನಾನು ಈಗ ಹೇಳಹೊರಟ ಹೆದರಿಕೆ ಹಲ್ಲಿಯದಲ್ಲ, ಅಗಳಿಯದಲ್ಲ.

ಮದುವೆಯ ನಂತರ ಎರಡು ಸಲ ಬಸಿರಾದೆ, ಎರಡು ಸಲವೂ ಹೋಯಿತು. ಮೊದಲನೆಯದು ಮೂರು ತಿಂಗಳಿಗೆ, ಎರಡನೆಯದು ಐದಕ್ಕೆ. ಡಾಕ್ಟರಬಾಯಿ ಕಾರಣ ಹೇಳಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಯಾರೂ ಕಾರಣ ಹೇಳದಿದ್ದಾಗ ನಾವೇ ಒಂದನ್ನು ಹುಡುಕಿಕೊಳ್ಳುತ್ತೇವೆ. ಮೊದಲ ಸಲ ಹುಣಸೆಕಾಯಿ ತಿನ್ನಬೇಕು ಅಂದಿದ್ದೆ, ಮನೆಯವರು ತಂದುಕೊಟ್ಟರು. ಎರಡನೆಯ ಸಲ ಬಿಸಿ ಜಿಲೇಬಿ ಬೇಕು ಅಂದೆ, ಅದೂ ಬಂತು. ಬೇಕು ಅಂದದ್ದು ಕೈಗೆ ಬಂತು, ಹೊಟ್ಟೆಯಲ್ಲಿದ್ದದ್ದು ಹೋಯಿತು. ನನ್ನ ಬಯಕೆಯೇ ಕೂಸುಗಳನ್ನು ತಿಂದುಹಾಕಿತು ಎಂದು ನಾನು ನಂಬಿದೆ. ಮೂರನೆಯ ಸಲ ಬಸಿರು ನಿಂತಾಗ ಇನ್ನು ಏನನ್ನೂ ಬಯಸಬಾರದು ಎಂದು ನಿಶ್ಚಯ ಮಾಡಿದೆ. ಕೊಟ್ಟದ್ದನ್ನು ತಿನ್ನುವುದು, ಸಾರಿಗೆ ಉಪ್ಪು ಕಡಿಮೆಯಾಗಿದ್ದರೂ ಕೇಳದಿರುವುದು. ಹಾಗೆ ನೋಡಿದರೆ ಮಗು ಬೇಕು ಎಂದು ದೇವರಿಗೂ ನಾನು ಹೇಳಲಿಲ್ಲ. ದೇವರ ಜಗಲಿಯ ಮುಂದೆ ಕೈಮುಗಿದು ಸುಮ್ಮನೆ ನಿಂತು ಬರುತ್ತಿದ್ದೆ.

ಈ ಸಲ ಏಳು ತಿಂಗಳು ದಾಟಿತು. ಮನೆಯಲ್ಲಿ ಕುಬಸ ಮಾಡಿದರು, ಹಸಿರು ಸೀರೆ ಉಡಿಸಿದರು, ಕೈತುಂಬ ಬಳೆ ಇಡಿಸಿದರು. ಆಮೇಲೆ ಹೆರಿಗೆಗೆಂದು ಕಮಲಾಪುರದ ತವರುಮನೆಗೆ ಕರೆತಂದರು. ಅಪ್ಪ ಮುಂಜಾನೆ ಹೊಲಕ್ಕೆ ಹೋದರೆ ಸಂಜೆಗೇ ಬರುವವರು, ಹೀಗಾಗಿ ನಾನು ಪೂರ್ತಿಯಾಗಿ ಅವ್ವನ ಕೈಗೆ ಸಿಕ್ಕೆ. ಅವ್ವ ನನಗೆ ತೀರ ವಿರುದ್ಧ. ಓಣಿಯಲ್ಲಿ ಯಾರಿಗೆ ಹೆರಿಗೆ ನೋವು ಬಂದರೂ ಮೊದಲು ಅವ್ವನನ್ನೇ ಕರೆಯುತ್ತಿದ್ದರು. ಎಷ್ಟೋ ಕೂಸುಗಳು ಮೊದಲು ಬಿದ್ದದ್ದು ಅವಳ ಅಂಗೈಗೇ. ಹಾವು ಬಂದರೂ ಕೋಲು ಹುಡುಕುತ್ತಾಳೆಯೇ ಹೊರತು ಕೂಗುವವಳಲ್ಲ. ಅವಳ ಹೊಟ್ಟೆಯಲ್ಲಿ ನಾನು ಹೇಗೆ ಹುಟ್ಟಿದೆನೋ ದೇವರೇ ಬಲ್ಲ.

ಆ ಅವ್ವನಿಗೂ ಇದ್ದ ಒಂದೇ ಹೆದರಿಕೆ ನನ್ನ ಹೆದರಿಕೆಗೆ ಸರಿಯಾಗಿ ಎದುರು ನಿಂತಿತು.

"ಏನ್ ತಿನ್ನಂಗ ಅನಸ್ತದ ಹೇಳು," ಎಂದು ದಿನಾ ಕೇಳುತ್ತಿದ್ದಳು.

"ಏನೂ ಇಲ್ಲವ್ವ."

"ಬಸರಿ ಹೆಂಗಸು ಏನೂ ಬ್ಯಾಡ ಅಂದ್ರ ನಾ ನಂಬ್ಲಿ ಹ್ಯಾಂಗ? ಬಯಕಿ ಒಳಗ ಮುಚ್ಚಿಟ್ಕೊಂಡ್ರ ಹುಟ್ಟೋ ಕೂಸಿನ ಕಿವಿ ಸೋರ್ತಾವ. ನಿನ್ನ ಸಲುವಾಗಿ ಅಲ್ಲ, ಅದರ ಸಲುವಾಗಿ ಹೇಳು."

ಬಯಸಿದರೆ ಕೂಸು ಉಳಿಯುವುದಿಲ್ಲ ಎಂದು ನಾನು, ಬಯಸದಿದ್ದರೆ ಕೂಸಿಗೆ ಕೇಡು ಎಂದು ಅವ್ವ. ಅತ್ತ ದರಿ, ಇತ್ತ ಪುಲಿ. ಅವ್ವ ಊರಿನ ಕೆಂಪು ಬಾಳೆಹಣ್ಣಿನ ಗೊನೆಯನ್ನೇ ತಂದು ಕಣ್ಣೆದುರು ತೂಗುಹಾಕಿದಳು. ಉಪ್ಪಿನಕಾಯಿ ಭರಣಿಯ ಬಾಯಿ ತೆರೆದು ನನ್ನ ಮುಂದೆ ಹಾಯ್ದಳು. ನಾನು ಕಲ್ಲಿನಂತೆ ಕುಳಿತೆ.

ಎಂಟು ತಿಂಗಳು ತುಂಬಿದಾಗ ಕಲಬುರಗಿಗೆ ತೋರಿಸಿಕೊಳ್ಳಲು ಹೋದೆವು. ಹೊಟ್ಟೆಯ ಮೇಲಿಟ್ಟರೆ ಒಳಗಿನ ಸದ್ದು ಹೊರಗೆ ಕೇಳಿಸುವ ಯಂತ್ರವೊಂದು ಡಾಕ್ಟರಬಾಯಿಯ ಹತ್ತಿರ ಇತ್ತು. ಕೂಸಿನ ಎದೆಬಡಿತ ಕುದುರೆ ಓಡಿದ ಹಾಗೆ ಕೇಳಿಸಿತು. ಎಲ್ಲ ಚೆನ್ನಾಗಿದೆ ಅಂದರು. ಚೆನ್ನಾಗಿದೆ ಅಂದದ್ದಕ್ಕೂ ನನಗೆ ಹೆದರಿಕೆಯಾಯಿತು.

ಬಸ್ಸಿಗೆ ಇನ್ನೂ ಹೊತ್ತಿತ್ತು. ಸೂಪರ್ ಮಾರ್ಕೆಟಿನ ಹತ್ತಿರ ಒಂದು ಬೇಕರಿಯ ನೆರಳಲ್ಲಿ ನಿಂತೆವು. ಗಾಜಿನ ಪೆಟ್ಟಿಗೆಯ ಮೇಲೆ ಕೆಂಪು ಬಣ್ಣದಲ್ಲಿ 'ಬರ್ಗರ್' ಎಂದು ಬರೆದಿತ್ತು. ಕಾಲೇಜಿನ ಹುಡುಗಿಯೊಬ್ಬಳು ಬಂದು ಒಂದು ಕೊಂಡಳು. ದುಂಡಗಿನ ಬನ್ನು, ಮೇಲೆ ಬಿಳಿ ಕಾಳು. ಅವಳು ಬನ್ನಿನ ಮೇಲಿನ ಅರ್ಧವನ್ನು ಎತ್ತಿ, ಈರುಳ್ಳಿಯ ಚಕ್ರಗಳನ್ನು ಬೇಡವೆಂದು ತೆಗೆದಿಟ್ಟು, ಮತ್ತೆ ಮುಚ್ಚಿ, ಬಾಯಿ ದೊಡ್ಡದು ಮಾಡಿ ಕಚ್ಚಿದಳು. ಒಳಗೆ ಆಲೂಗಡ್ಡೆಯ ಕರಿದ ಬಿಲ್ಲೆ ಇತ್ತು, ಅದರ ಅಂಚಿನಿಂದ ಕೆಂಪು ಸಾಸು ಇಳಿಯುತ್ತಿತ್ತು. ನನ್ನ ಬಾಯಲ್ಲಿ ನೀರೂರಿತು. ತಕ್ಷಣ ನುಂಗಿಕೊಂಡೆ, ಮುಖ ತಿರುಗಿಸಿದೆ. ತಿರುಗಿಸಿದ ಕಡೆಗೆ ಅವ್ವ ನಿಂತಿದ್ದಳು, ನನ್ನ ಗಂಟಲನ್ನೇ ನೋಡುತ್ತಿದ್ದಳು.

ಮನೆಗೆ ಬಂದು ಕಾಲು ತೊಳೆದುಕೊಳ್ಳುವಾಗ ಕೇಳಿದಳು.

"ಅದರ ಒಳಗ ಏನಿತ್ತು?"

"ಯಾವುದರ ಒಳಗ?"

"ಸಾಕ್ ಮಾಡು ನಾಟಕ. ನೀ ನೋಡಿದಿ, ನಾ ನಿನ್ನ ನೋಡೀನಿ. ಆಲೂಗಡ್ಡಿ ಏನು?"

ಅಳು ಬಂದುಬಿಟ್ಟಿತು. ನನಗೇನೂ ಬೇಡ, ಬೇಕು ಅಂದರೆ ಇದೂ ಹೋಗುತ್ತದೆ ಎಂದು ಅಲ್ಲಿಯವರೆಗೆ ಯಾರಿಗೂ ಹೇಳದ ಲೆಕ್ಕವನ್ನು ಬಚ್ಚಲಿನ ಬಾಗಿಲಲ್ಲಿ ನಿಂತು ಹೇಳಿಬಿಟ್ಟೆ. ಅವ್ವ ಕೇಳಿಸಿಕೊಂಡಳು. ಬಯ್ಯುತ್ತಾಳೆ ಅಂದುಕೊಂಡಿದ್ದೆ, ಬಯ್ಯಲಿಲ್ಲ.

"ನೀ ಕೇಳಿಲ್ಲಲ್ಲ," ಅಂದಳು. "ಬೇಕು ಅಂತ ನಿನ್ನ ಬಾಯಿಂದ ಬಂದಿಲ್ಲ. ನಾ ಮಾಡ್ತೀನಿ, ನೀ ತಿನ್ನು. ಆತಲ್ಲ?"

ದೇವರಿಗೇ ಟೋಪಿ ಹಾಕುವ ಈ ಉಪಾಯ ಅವ್ವನಿಗೆ ಮಾತ್ರ ಹೊಳೆಯುವಂಥದ್ದು.

ಕಲಬುರಗಿಯಿಂದ ಒಂದು ಬರ್ಗರ್ ತರಿಸಿದ್ದರೆ ಮುಗಿಯುತ್ತಿತ್ತು. ಆದರೆ ಬೇಕರಿಯ ಬನ್ನಿಗೆ ತತ್ತಿ ಹಾಕಿರುತ್ತಾರೆ ಎನ್ನುವುದು ಅವ್ವನ ಗಟ್ಟಿ ನಂಬಿಕೆ. ಲಿಂಗ ಕಟ್ಟಿದ ಮನೆಯೊಳಗೆ ಅದು ಹೊಸಿಲು ದಾಟುವಂತಿರಲಿಲ್ಲ. ಹೀಗಾಗಿ ಬನ್ನನ್ನೂ ಮನೆಯಲ್ಲೇ ಮಾಡಬೇಕಾಯಿತು. ಬ್ರಹ್ಮಪುರದ ನಮ್ಮ ಓಣಿಯ ಹೆಂಗಸರು ನಾನಖಟಾಯಿಯ ಹಿಟ್ಟು ಕಲಸಿಕೊಂಡು ಮೋಮಿನಪುರದ ಭಟ್ಟಿಗೆ ಒಯ್ದು ಸುಡಿಸಿಕೊಂಡು ಬರುತ್ತಿದ್ದರು. ಕಮಲಾಪುರದಲ್ಲಿ ಭಟ್ಟಿ ಎಲ್ಲಿಂದ ತರುವುದು? ಅವ್ವ ದಪ್ಪ ತಳದ ಬೋಗುಣಿಗೆ ಹಳ್ಳದ ಉಸುಕು ತುಂಬಿ ಒಲೆಯ ಮೇಲಿಟ್ಟಳು. ಉಸುಕು ಕಾದ ಮೇಲೆ ಅದರ ಮೇಲೆ ಹಿಟ್ಟಿನ ತಾಟು ಇಟ್ಟು, ಮುಚ್ಚಿ, ಮುಚ್ಚಳದ ಮೇಲೂ ಕೆಂಡ ಸುರಿದಳು. ಮೈದಾಕ್ಕೆ ಮೊಸರು, ಸಕ್ಕರೆ, ಚಿಟಿಕೆ ಸೋಡಾ. ಮೊದಲ ಸಲದ ಬನ್ನುಗಳನ್ನು ಎಮ್ಮೆಯ ಮುಂದೆ ಹಾಕಿದರೆ ಅದು ಮೂಸಿ ನೋಡಿ ನಮ್ಮ ಮುಖ ನೋಡಿತು. ಜೋಳದ ರೊಟ್ಟಿ ಬಡಿಯುವುದರಲ್ಲಿ ಊರಿಗೇ ಮೊದಲಿನವಳಾದ ಅವ್ವನಿಗೆ ಅವಮಾನವಾಯಿತು. ಮರುದಿನ ಕಲಸಿದ ಹಿಟ್ಟನ್ನು ಕೂಸಿನ ಹಾಗೆ ಕೌದಿಯಲ್ಲಿ ಸುತ್ತಿ ಬಿಸಿಲಿಗೆ ಇಟ್ಟಳು. ಅದು ಉಬ್ಬಿತು.

ಒಳಗಿನ ಹೂರಣಕ್ಕೆ ಬೇಯಿಸಿದ ಆಲೂಗಡ್ಡೆ, ಕೊತ್ತಂಬರಿ, ಶೇಂಗಾಪುಡಿ, ಒಂದೇ ಒಂದು ಹಸಿಮೆಣಸಿನಕಾಯಿ. ಬನ್ನನ್ನು ಸೀಳಿ ನಡುವೆ ಇಡುವುದು ಎಂದರೆ ಅವ್ವ ಒಪ್ಪಲಿಲ್ಲ. ಹೂರಣ ಅಂದಮೇಲೆ ಒಳಗಿರಬೇಕು, ಬಾಯಿ ಮುಚ್ಚಿರಬೇಕು. ಹೋಳಿಗೆಯ ಹಾಗೆ ಹಿಟ್ಟಿನ ಕಣಕದಲ್ಲಿ ಆಲೂಗಡ್ಡೆಯ ಉಂಡೆ ತುಂಬಿ, ಮುಚ್ಚಿ, ದುಂಡಗೆ ತಟ್ಟಿದಳು. ಸಾಸಿನ ಬದಲು ಟೊಮೆಟೊ ಹುಳಿ ಕುದಿಸಿಟ್ಟಳು. ಆಮೇಲೆ ಬಂತು ಮೇಲಿನ ಬಿಳಿ ಕಾಳಿನ ಪ್ರಶ್ನೆ. ಬಯಕೆ ಕಣ್ಣಿಗೆ ಬಿದ್ದ ಹಾಗೆಯೇ ತೀರಬೇಕು, ಅರ್ಧ ತೀರಿದರೆ ತೀರದ ಹಾಗೇ ಎಂಬುದು ಅವಳ ಶಾಸ್ತ್ರ. ಬೇಕರಿಯವನು ಹಾಕಿದ್ದು ಎಳ್ಳು. ಬಸುರಿಗೆ ಎಳ್ಳು ಕಾವು, ಪಪ್ಪಾಯಿಯಷ್ಟೇ ಕೆಟ್ಟದ್ದು. ಅವಳು ಏನು ಮಾಡಿದಳೋ ನಾನು ನೋಡಲಿಲ್ಲ. ಅಡುಗೆಮನೆಯ ಬಿಸಿ ತಡೆಯದೆ ಪಡಸಾಲೆಯಲ್ಲಿ ಅಡ್ಡಾಗಿದ್ದೆ.

ಮಧ್ಯಾಹ್ನ ತಾಟಿನಲ್ಲಿ ಎರಡು ತಂದಿಟ್ಟಳು. ಮೇಲೆ ಕೆಂಪಗೆ ಸುಟ್ಟು, ಅದರ ಮೇಲೆ ಸಣ್ಣ ಬಿಳಿ ಕಾಳು ಅಂಟಿಕೊಂಡಿದ್ದವು. ಮುರಿದರೆ ಹಬೆ ಎದ್ದಿತು. ಬೇಕರಿಯ ಹುಡುಗಿ ತಿಂದದ್ದಕ್ಕೂ ಇದಕ್ಕೂ ಅಣ್ಣತಮ್ಮಂದಿರ ಹೋಲಿಕೆಯೂ ಇರಲಿಲ್ಲ, ಆದರೆ ನನ್ನ ಜೀವಮಾನದಲ್ಲಿ ಅಷ್ಟು ರುಚಿಯಾದದ್ದನ್ನು ನಾನು ತಿಂದಿಲ್ಲ. ಎರಡನ್ನೂ ತಿಂದೆ. ತಾಟಿಗೆ ಅಂಟಿದ್ದ ಹುಳಿಯನ್ನೂ ಬೆರಳಿನಿಂದ ಬಳಿದೆ. ಅವ್ವ ಗೋಡೆಗೆ ಒರಗಿ ಕುಳಿತು ನೋಡುತ್ತಿದ್ದಳು. ತಿಂದಾದ ಮೇಲೆ ಬಹಳ ತಿಂಗಳ ನಂತರ ನನಗೆ ಸುಖವೆನಿಸಿತು. ಹಾಗೇ ನಿದ್ದೆ ಹತ್ತಿತು.

ಎಚ್ಚರವಾದಾಗ ಬಿಸಿಲು ಅಂಗಳದ ಆಚೆ ಗೋಡೆ ಏರಿತ್ತು. ಮಲಗಿದಲ್ಲೇ ಹೊಟ್ಟೆಯ ಮೇಲೆ ಕೈಯಿಟ್ಟೆ. ಉಂಡು ಮಲಗಿದರೆ ಕೂಸು ತಪ್ಪದೆ ಒದೆಯುತ್ತಿತ್ತು, ಬಲಗಡೆ ಪಕ್ಕೆಲುಬಿನ ಕೆಳಗೆ. ಅದು ಅದರ ಅಭ್ಯಾಸ. ಕಾದೆ. ಎಡಕ್ಕೆ ಹೊರಳಿ ಕಾದೆ. ಎದ್ದು ತಣ್ಣೀರು ಕುಡಿದೆ. ಒಳಗೆ ಏನೂ ಇಲ್ಲ. ಹೊಟ್ಟೆ ನೀರು ತುಂಬಿದ ಕೊಡದ ಹಾಗೆ ಸುಮ್ಮನೆ ಭಾರವಾಗಿತ್ತು. ನಾಲಿಗೆಗೆ ಹಲ್ಲಿನ ಸಂದಿಯಲ್ಲಿ ಒಂದು ಸಣ್ಣ ಕಾಳು ಸಿಕ್ಕಿತು.

"ಅವ್ವ, ಮ್ಯಾಲ ಏನ್ ಉದುರಿಸೀದಿ? ಎಳ್ಳ ಹಾಕೀದೇನು?"

"ಎಳ್ಳ ಹಾಕಾಕ ನನಗೇನ್ ಹುಚ್ಚ ಹಿಡದದೇನು? ಕಸಕಸಿ ಅದು." ಗಸಗಸೆಗೆ ಅವ್ವ ಹಾಗನ್ನುವುದು.

"ಕೂಸು ತಿರುಗವಲ್ದವ್ವ."

ಅವ್ವ ಬಂದು ಹೊಟ್ಟೆಯ ಮೇಲೆ ಕೈಯಾಡಿಸಿದಳು, ಅಲ್ಲಲ್ಲಿ ಒತ್ತಿದಳು, ಕಿವಿಯಿಟ್ಟಳು. ಆಮೇಲೆ ನಕ್ಕಳು. "ನಿದ್ದಿ ಬರದ ಕೂಸಿಗಿ ಕಸಕಸಿ ಅರದು ನೆಕ್ಕಸ್ತಾರಲ್ಲ, ಇದಕ್ಕೂ ಹತ್ತ್ಯಾದ. ನೀ ಮಲಗೀದಿ, ಅದೂ ಮಲಗ್ಯಾದ. ಏಳ್ತದ ತಗೋ."

ಆ ನಗು ಬಹಳ ಹೊತ್ತು ನಿಲ್ಲಲಿಲ್ಲ. ಬೆಲ್ಲದ ನೀರು ಕುಡಿಸಿದಳು. ನನ್ನ ಕೈ ಹಿಡಿದು ಅಂಗಳದಲ್ಲಿ ಅಡ್ಡಾಡಿಸಿದಳು. ಹೊಟ್ಟೆಯ ಹತ್ತಿರ ಬಾಯಿ ತಂದು, "ಏಳೋ ರಾಜಾ, ಹೊತ್ತ ಮುಣಗಾಕತ್ತದ," ಎಂದು ಮಾತಾಡಿಸಿದಳು. ಏನೂ ಇಲ್ಲ. ನನಗೆ ಹಿಂದಿನ ಎರಡೂ ಸಲ ನೆನಪಾದವು. ಆಗಲೂ ಹೀಗೇ, ಸುಖವಾಗಿ ತಿಂದು ಎದ್ದ ಮೇಲೆ. ಆಗಲೂ ಏನೂ ಆಗಿಲ್ಲ, ಮಲಗು ಅಂದಿದ್ದರು.

"ಕಲಬುರ್ಗಿಗಿ ಹೋಗಮು," ಅಂದೆ.

"ಇಷ್ಟೊತ್ತಿನ್ಯಾಗ? ಈ ರಸ್ತಾದಾಗ ಜೀಪಿನ್ಯಾಗ ಕುಂತ್ರ ಇಲ್ಲದ ನೋವು ಬರ್ತಾವ. ನಾ ಎಷ್ಟ ಬಾಣಂತನ ಮಾಡೀನಿ, ನನಗ ತಿಳೀವಲ್ದೇನು? ನಾಳಿ ಮುಂಜಾನಿ ನೋಡಮು."

ಅವ್ವನಿಗೆ ನಾನು ಎಂದೂ ಎದುರಾಡಿದವಳಲ್ಲ. ಎದುರಾಡಲೂ ಧೈರ್ಯ ಬೇಕು, ಅದು ನನ್ನಲ್ಲಿ ಇರಲಿಲ್ಲ. ಅವಳು ಹೇಳಿದ್ದು ಸರಿಯೂ ಇರಬಹುದು, ಜೀಪಿನ ಕುಲುಕಾಟಕ್ಕೇ ಏನಾದರೂ ಆದರೆ? ಹೋದರೂ ಭಯ, ಇದ್ದರೂ ಭಯ. ನಡು ಅಂಗಳದಲ್ಲಿ ಕಂಬ ಹಿಡಿದು ನಿಂತುಬಿಟ್ಟೆ. ಆಗ ನನ್ನ ಬಾಯಿಂದ, ದೇವರ ಮುಂದೆ ಕೂಡ ಬರದ ಮಾತು, ತಾನಾಗಿ ಬಂತು.

"ನನಗ ಈ ಕೂಸು ಬೇಕವ್ವ."

ಹೇಳಿದ ಕೂಡಲೇ ಬಾಯಿಗೆ ಸೆರಗು ಒತ್ತಿಕೊಂಡೆ. ಆಡಿದ ಮಾತನ್ನು ಒಳಗೆ ತಳ್ಳುವುದಾದರೆ ತಳ್ಳಿಬಿಡುತ್ತಿದ್ದೆ. ಅವ್ವ ನನ್ನನ್ನು ಒಂದು ಗಳಿಗೆ ನೋಡಿದಳು. ಒಳಗೆ ಹೋಗಿ ಸೀರೆ ಬದಲಿಸಿ ಬಂದಳು.

ನಿಲ್ದಾಣದ ಹತ್ತಿರದ ಎಸ್‌ಟಿಡಿ ಬೂತಿನಿಂದ ಮನೆಯವರ ಕಚೇರಿಗೆ ಫೋನು ಮಾಡಿ ಆಸ್ಪತ್ರೆಗೆ ಬನ್ನಿ ಎಂದೆವು. ಜೀಪಿನವನು ಪರಿಚಯದವನು, ನನ್ನ ಹೊಟ್ಟೆ ನೋಡಿ ಬೇರೆ ಯಾರನ್ನೂ ಹತ್ತಿಸಿಕೊಳ್ಳದೆ ಹೊರಟ. ಪ್ರತಿ ತಗ್ಗಿಗೂ ನಾನು ಎರಡೂ ಕೈಯಿಂದ ಹೊಟ್ಟೆ ಎತ್ತಿ ಹಿಡಿಯುತ್ತಿದ್ದೆ. ಕೂಸು ಒದ್ದ ಹಾಗೆ ಅನಿಸುತ್ತಿತ್ತು, ನೋಡಿದರೆ ಅದು ರಸ್ತೆ. ಅವ್ವನ ತೊಡೆಯ ಮೇಲೆ ಒಂದು ಅರಿವೆಯ ಗಂಟು ಇತ್ತು. ಅದೇನೆಂದು ಕೇಳಿದೆ. ಉಳಿದ ಒಂದು ಬನ್ನು. ಹಾವು ಕಚ್ಚಿಸಿಕೊಂಡವರು ಆ ಹಾವನ್ನೇ ಹೊಡೆದು ಡಾಕ್ಟರ ಮುಂದೆ ಒಯ್ಯುತ್ತಾರಲ್ಲ, ಹಾಗೆ ಅವಳು ಬನ್ನನ್ನು ಕಟ್ಟಿಕೊಂಡು ಬಂದಿದ್ದಳು. ಅದನ್ನು ಕಂಡಾಗಲೇ ನನಗೆ ತಿಳಿದದ್ದು, ಅವ್ವನೂ ಹೆದರಿದ್ದಾಳೆ ಎಂದು. ಅವಳು ಹೆದರಿದ್ದಾಳೆಂದರೆ ಇನ್ನು ಉಳಿಯಿತೇನು ಅನಿಸಿ ಕಣ್ಣು ಮುಚ್ಚಿಕೊಂಡೆ.

ಆಸ್ಪತ್ರೆ ಮುಟ್ಟಿದಾಗ ಬೀದಿ ದೀಪ ಹತ್ತಿದ್ದವು. ಡಾಕ್ಟರಬಾಯಿ ಯಂತ್ರ ಹಿಡಿದು ಹೊಟ್ಟೆಯ ಮೇಲೆ ಅಲ್ಲಿ ಇಲ್ಲಿ ಹುಡುಕಿದರು. ಬರೀ ಗರಗರ ಸದ್ದು. ಇನ್ನಷ್ಟು ಕೆಳಗೆ ಒತ್ತಿದರು. ಆಗ ಕೇಳಿಸಿತು. ಆದರೆ ಅದು ಓಡುತ್ತಿರಲಿಲ್ಲ. ದಣಿದವರ ನಡಿಗೆಯ ಹಾಗೆ ಬಡಿಯುತ್ತಿತ್ತು, ನಡುನಡುವೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ನಾನೂ ಉಸಿರು ಹಿಡಿಯುತ್ತಿದ್ದೆ.

"ಊಟ ಯಾವಾಗ ಮಾಡೀರಿ?" ಡಾಕ್ಟರಬಾಯಿ ಕೇಳಿದರು.

ಅವ್ವ ಗಂಟು ಬಿಚ್ಚಿ ಬನ್ನನ್ನು ಅವರ ಮುಂದೆ ಹಿಡಿದಳು. "ಮಧ್ಯಾಹ್ನ ಇಂಥಾವು ಎರಡು ತಿಂದಾಳ್ರಿ. ನಾನೇ ಮಾಡಿದ್ದು. ಮ್ಯಾಲ ಕಸಕಸಿ ಹಾಕೀನ್ರಿ. ಅದರಿಂದೇ ಆಗ್ಯಾದೇನ್ರಿ?"

ಡಾಕ್ಟರಬಾಯಿ ಬನ್ನು ನೋಡಿದರು, ಅವ್ವನ ಮುಖ ನೋಡಿದರು. "ಇದರಿಂದ ಏನೂ ಆಗಂಗಿಲ್ರಿ ಅವ್ವಾರೆ. ಒಳಗ ಕೂಸಿನ ಕೊರಳಿಗಿ ಹೊಕ್ಕಳ ಹುರಿ ಸುತ್ತಿರಬೇಕು. ಈಗೇ ಆಪರೇಷನ್ ಮಾಡಬೇಕು," ಅಂದು ನರ್ಸಿಗೆ ಕೂಗಿದರು.

ಅಷ್ಟರಲ್ಲಿ ಮನೆಯವರು ಏದುಸಿರು ಬಿಡುತ್ತ ಬಂದು ಕಾಗದಕ್ಕೆ ಸಹಿ ಹಾಕಿದರು. ನನ್ನ ಹೆದರಿಕೆಗೆ ಸದಾ ನಗುವ ಮನುಷ್ಯ ಆ ದಿನ ನಗಲಿಲ್ಲ, ನನ್ನ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ನಿಂತುಬಿಟ್ಟರು. ಹೊಟ್ಟೆ ತುಂಬ ತಿಂದವಳಿಗೆ ಪೂರ್ತಿ ಎಚ್ಚರ ತಪ್ಪಿಸುವ ಮದ್ದು ಕೊಡುವುದು ಬೇಡವೆಂದು ಬೆನ್ನಿಗೆ ಸೂಜಿ ಚುಚ್ಚಿದರು. ಹೀಗಾಗಿ ನಾನು ಎಚ್ಚರವಾಗಿಯೇ ಇದ್ದೆ. ಎದೆಯ ಮುಂದೆ ಹಸಿರು ಬಟ್ಟೆಯ ಪರದೆ. ಅದರ ಆಚೆ ಕತ್ತರಿಯ ಸದ್ದು, ತಟ್ಟೆಯ ಸದ್ದು. ನೋವಿಲ್ಲ, ಆದರೆ ಯಾರೋ ನನ್ನೊಳಗೆ ಕೈಹಾಕಿ ಹುಡುಕುತ್ತಿರುವುದು ತಿಳಿಯುತ್ತಿತ್ತು. ನನಗೆ ಸೂಜಿಯ ಭಯ, ರಕ್ತದ ಭಯ. ಅವೆಲ್ಲ ಆವತ್ತು ಎಲ್ಲಿ ಹೋಗಿದ್ದವೋ. ಆಚೆ ಕಡೆಯ ಒಂದೇ ಒಂದು ಸದ್ದಿಗೆ ಕಿವಿಗೊಟ್ಟು ಮಲಗಿದ್ದೆ.

"ಎರಡು ಸುತ್ತು ಅದ," ಎಂದು ಡಾಕ್ಟರಬಾಯಿ ಮೆಲ್ಲಗೆ ಅಂದದ್ದು ಕೇಳಿಸಿತು. ಕೂಸಿನ ಅಳು ಕೇಳಿಸಲಿಲ್ಲ. ನರ್ಸು ಪರದೆಯ ಪಕ್ಕದಿಂದ ಏನನ್ನೋ ಎತ್ತಿಕೊಂಡು ಮೂಲೆಯ ಮೇಜಿಗೆ ಓಡಿದಳು. ಚಪ್ಪಾಳೆಯಂಥ ಸದ್ದು. ಮತ್ತೊಂದು. ನಾನು ಛಾವಣಿಯ ದೀಪವನ್ನು ನೋಡುತ್ತ, ಬೇಕು, ಬೇಕು, ಬೇಕು ಎಂದು ಬಾಯಿಬಿಟ್ಟೇ ಹೇಳುತ್ತಿದ್ದೆನಂತೆ, ನರ್ಸು ಆಮೇಲೆ ಹೇಳಿದಳು. ಕೊನೆಗೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ಕೂಗು ಬಂತು. ನಿಂತಿತು. ಮತ್ತೆ ಬಂತು.

ಹೆಣ್ಣುಕೂಸು. ಬಹಳ ಸಣ್ಣದು. ಹೊರಗೆ ಬಂದು ಡಾಕ್ಟರಬಾಯಿ ಮನೆಯವರಿಗೆ ಹೇಳಿದರಂತೆ, "ಛಲೋ ಆಯ್ತು ಈಗೇ ಬಂದ್ರಿ. ಮುಂಜಾನಿ ತನಕ ಬಿಟ್ಟಿದ್ರ ಸಿಗ್ತಿರಲಿಲ್ಲ." ಬಾಗಿಲ ಹತ್ತಿರ ಅವ್ವ ನಿಂತಿದ್ದಳು.

ಮರುದಿನ ಮುಂಜಾನೆ ಕೂಸನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ನನ್ನ ಪಕ್ಕಕ್ಕೆ ಮಲಗಿಸಿದರು. ಮನೆಯವರು ಬಂದು ನೋಡಿದರು, ಮುಟ್ಟಿದರು, ಚಹಾ ತರುತ್ತೇನೆಂದು ಹೋದರು. ಅವ್ವ ಮಾತ್ರ ಮಂಚದ ಕಾಲ ಕಡೆ ಸ್ಟೂಲಿನ ಮೇಲೆ ಕುಳಿತೇ ಇದ್ದಳು. ಓಣಿಯ ಕೂಸುಗಳನ್ನು ಒಂದು ಕೈಯಲ್ಲಿ ಎತ್ತಿ ಎರೆಯುವವಳು ಮೊಮ್ಮಗಳನ್ನು ಎತ್ತಿಕೊಳ್ಳಲಿಲ್ಲ. ಎತ್ತಿಕೋ ಅಂದರೆ, ಇರಲಿ ಅಂದಳು.

"ಉಸುರಾಡಾಕತ್ತದೇನ್ ನೋಡು," ಅಂದಳು.

ನೋಡಿದೆ. "ಆಡಾಕತ್ತದವ್ವ."

ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಕೇಳಿದಳು. ಮತ್ತೆ ನೋಡಿ ಹೇಳಿದೆ. ಮೂರನೆಯ ಸಲ ಕೇಳಿದಾಗ ಅವಳ ಮುಖ ನೋಡಿದೆ. ಆ ಮುಖ ನನಗೆ ಪರಿಚಯದ್ದೇ. ಅಂಥ ಮುಖವನ್ನು ನಾನು ಬ್ರಹ್ಮಪುರದ ಮನೆಯ ಕನ್ನಡಿಯಲ್ಲಿ ಎಷ್ಟೋ ಸಲ ಕಂಡಿದ್ದೆ.

"ನಾಳಿ ನೋಡಮು ಅಂದಿದ್ದೆ ನಾ," ಅಂದಳು ಅವ್ವ.

ಸಮಾಧಾನ ಹೇಳುವುದು ನನಗೆ ಎಂದೂ ಬಂದಿಲ್ಲ, ಯಾವಾಗಲೂ ಹೇಳಿಸಿಕೊಂಡವಳು ನಾನು. ಕೈ ಚಾಚಿ ಅವಳನ್ನು ಹತ್ತಿರ ಕರೆದೆ. ಅವಳ ತೋರುಬೆರಳನ್ನು ಹಿಡಿದು ಕೂಸಿನ ಮೂಗಿನ ಕೆಳಗೆ ಇಟ್ಟೆ. ಆ ಸಣ್ಣ ಬಿಸಿ ಅವಳಿಗೆ ತಗುಲಿತು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ಇನ್ನೊಂದು ಕೈ ಬಳಸಿದಳು.

ಇನ್ನು ಅವ್ವ ನೋಡಿಕೊಳ್ಳುತ್ತಾಳೆ ಅನಿಸಿತು. ಕಣ್ಣು ಮುಚ್ಚಿದ್ದೇ ನಿದ್ದೆ ಹೋದೆ. ಎಚ್ಚರವಾದಾಗ ಮನೆಯವರು ತಂದ ಚಹಾ ತಣ್ಣಗಾಗಿ ಕೆನೆಗಟ್ಟಿತ್ತು. ಬಿಸಿಲು ಕಿಟಕಿ ದಾಟಿತ್ತು. ಅವ್ವನ ಬೆರಳು ಅಲ್ಲೇ ಇತ್ತು.